ಸಿನಿಮಾ, ಧಾರಾವಾಹಿ ಕುರಿತು ಬರೆದು ಬದುಕುವುದು: ಮಲೆನಾಡಿನವರಿಗಿರುವ ದಾರಿಗಳ ಹೋಲಿಕೆ

ಸಿನಿಮಾ, ಧಾರಾವಾಹಿ, ರಿಯಾಲಿಟಿ ಶೋ, ಹಾಡು, ತಾರೆಯರ ಸುತ್ತ ಬೆಳೆಯುವ ಅಭಿಮಾನ ಇವುಗಳನ್ನು ಕುರಿತು ಬರೆಯುವುದನ್ನೇ ಉದ್ಯೋಗವಾಗಿಸಿಕೊಳ್ಳಬಹುದೇ ಎಂಬ ಪ್ರಶ್ನೆಯನ್ನು ಶಿವಮೊಗ್ಗ, ಸಾಗರ, ತೀರ್ಥಹಳ್ಳಿಗಳ ಪದವಿ ವಿದ್ಯಾರ್ಥಿಗಳು ಆಗಾಗ ಕೇಳುತ್ತಾರೆ. ಮಾಡಿಕೊಳ್ಳಬಹುದು. ಆದರೆ ಅದಕ್ಕೆ ಕನಿಷ್ಠ ಐದು ದಾರಿಗಳಿದ್ದು, ಒಂದೊಂದರಲ್ಲೂ ಸಂಬಳದ ಲೆಕ್ಕ, ವಾಸದ ಊರು, ಬರಹದ ಸ್ವಾತಂತ್ರ್ಯ ಎಲ್ಲವೂ ಬೇರೆಬೇರೆ. ಪತ್ರಿಕೆಯ ಸಿನಿಮಾ ವಿಭಾಗದ ನೌಕರಿ, ಊರಿನಲ್ಲೇ ಇದ್ದು ಮಾಡುವ ಹವ್ಯಾಸಿ ಬರಹ, ಸ್ವಂತ ಯೂಟ್ಯೂಬ್ ಚಾನೆಲ್, ಚಿತ್ರೋದ್ಯಮದ ಒಳಗಿನ ಬರಹದ ಕೆಲಸ ಮತ್ತು ಅಧ್ಯಾಪನದ ಜೊತೆಗಿನ ವಿಮರ್ಶೆ ಇವೇ ಆ ಐದು.

ಇವುಗಳನ್ನು ಹೋಲಿಸುವಾಗ ಬಹಳಷ್ಟು ಮಂದಿ ಮೊದಲು ಕೇಳುವುದು ಎಷ್ಟು ದುಡ್ಡು ಬರುತ್ತದೆ ಎಂದು. ಅದಕ್ಕಿಂತ ಮೊದಲು ದುಡ್ಡು ಯಾರ ಕೈಯಿಂದ ಬರುತ್ತದೆ ಎಂದು ಕೇಳಿಕೊಳ್ಳುವುದು ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ಬರಹಗಾರ ಏನು ಬರೆಯಬಲ್ಲ, ಏನನ್ನು ಬರೆಯದೆ ಬಿಡುತ್ತಾನೆ ಎಂಬುದು ಬಹುಮಟ್ಟಿಗೆ ಅಲ್ಲಿಯೇ ನಿರ್ಧಾರವಾಗುತ್ತದೆ. ಇದಕ್ಕೆ ಉದಾಹರಣೆ ನಮ್ಮ ಜಿಲ್ಲೆಯವರಲ್ಲೇ ಇದೆ. ಶಿವಮೊಗ್ಗದ ಕೊನಗವಳ್ಳಿಯಲ್ಲಿ ಹುಟ್ಟಿದ ಪಿ. ಲಂಕೇಶರು 1980ರಲ್ಲಿ ಆರಂಭಿಸಿದ ವಾರಪತ್ರಿಕೆ ಜಾಹೀರಾತುಗಳನ್ನೇ ನೆಚ್ಚದೆ, ಓದುಗರು ಕೊಟ್ಟ ಹಣದಿಂದಲೇ ನಡೆಯಿತು. ರಾಜಕಾರಣಿಯಿಂದ ಹಿಡಿದು ಸಿನಿಮಾ ನಟನವರೆಗೆ ಯಾರ ಮುಲಾಜೂ ಇಲ್ಲದೆ ಬರೆಯಲು ಸಾಧ್ಯವಾದದ್ದರಲ್ಲಿ ಸಂಪಾದಕರ ಧೈರ್ಯದ ಪಾಲು ಎಷ್ಟಿತ್ತೋ ಈ ಲೆಕ್ಕಾಚಾರದ ಪಾಲೂ ಅಷ್ಟೇ ಇತ್ತು.

ಪತ್ರಿಕೆಯ ಸಿನಿಮಾ ಡೆಸ್ಕ್

ತಿಂಗಳ ಕೊನೆಗೆ ಸಂಬಳ ಖಚಿತವಾಗಿ ಬರುವ ದಾರಿ ಇದು. ಹೊರಗಿನಿಂದ ನೋಡುವವರಿಗೆ ಸಿನಿಮಾ ಪತ್ರಕರ್ತನೆಂದರೆ ಶುಕ್ರವಾರ ಚಿತ್ರ ನೋಡಿ ಶನಿವಾರದ ಪತ್ರಿಕೆಗೆ ವಿಮರ್ಶೆ ಬರೆಯುವವನು ಎಂದೇ ತೋರುತ್ತದೆ. ವಾರದ ಉಳಿದ ದಿನಗಳಲ್ಲಿ ನಡೆಯುವ ಕೆಲಸವೇ ನಿಜವಾಗಿ ಹೆಚ್ಚಿನದು: ಮುಹೂರ್ತ, ಟೀಸರ್ ಬಿಡುಗಡೆ, ಆಡಿಯೊ ಬಿಡುಗಡೆಗಳ ಪತ್ರಿಕಾಗೋಷ್ಠಿಗಳಿಗೆ ಹೋಗಿ ಬರುವುದು, ಚಿತ್ರತಂಡದ ಪ್ರಚಾರ ನೋಡಿಕೊಳ್ಳುವ ಪಿಆರ್‌ಓಗಳು ಕಳುಹಿಸಿದ ಟಿಪ್ಪಣಿಗಳನ್ನು ಸುದ್ದಿಯ ರೂಪಕ್ಕೆ ತರುವುದು, ಇಂಗ್ಲಿಷಿನ ಏಜೆನ್ಸಿ ಸುದ್ದಿಗಳನ್ನು ಅನುವಾದಿಸುವುದು, ಪುರವಣಿಯ ಪುಟ ಕಟ್ಟಿಸುವುದು. ಈ ಗಾಣದಲ್ಲಿ ಕಲಿಯುವುದು ಸಾಕಷ್ಟಿದೆ. ಕೊಟ್ಟ ಜಾಗಕ್ಕೆ ಬರೆಯುವುದು, ಹೇಳಿದ ಗಂಟೆಗೆ ಮುಗಿಸುವುದು, ಸಂಕಲನಕಾರರ ಹೆಸರನ್ನು ಛಾಯಾಗ್ರಾಹಕರಿಗೆ ಹಚ್ಚದಿರುವುದು, ಫೋನಿನಲ್ಲಿ ಹೇಳಿದ್ದನ್ನು ಇನ್ನೊಬ್ಬರಿಂದ ಖಚಿತಪಡಿಸಿಕೊಳ್ಳುವುದು ಇಂಥವನ್ನು ಮನೆಯಲ್ಲಿ ಕುಳಿತು ಕಲಿಯುವುದು ಕಷ್ಟ.

ಕೊರತೆಗಳು ಎರಡು. ಮೊದಲನೆಯದು ಊರು. ಪತ್ರಿಕೆಗಳ ಶಿವಮೊಗ್ಗ ಕಚೇರಿಗಳಲ್ಲಿ ಸಿನಿಮಾಕ್ಕೆಂದೇ ಒಬ್ಬ ವರದಿಗಾರನಿರುವುದು ಅಪರೂಪ. ಜಿಲ್ಲಾ ವರದಿಗಾರ ಜಿಲ್ಲಾ ಪಂಚಾಯಿತಿ ಸಭೆಯಿಂದ ಕಾಡಾನೆ ದಾಳಿಯವರೆಗೆ ಎಲ್ಲವನ್ನೂ ಬರೆಯಬೇಕಾಗುತ್ತದೆ. ಹಾಗಾಗಿ ಡೆಸ್ಕ್ ಎಂದರೆ ಬೆಂಗಳೂರು, ಬೆಂಗಳೂರೆಂದರೆ ಹೊಸಬನ ಸಂಬಳದ ದೊಡ್ಡ ಪಾಲನ್ನು ನುಂಗುವ ಬಾಡಿಗೆ. ಎರಡನೆಯದು ಜಾಹೀರಾತು. ಸಿನಿಮಾ ಪುಟಕ್ಕೆ ಜಾಹೀರಾತು ಕೊಡುವವರು ನಿರ್ಮಾಪಕರೇ ಆಗಿರುವಾಗ, ಅದೇ ಪುಟದಲ್ಲಿ ಅವರ ಚಿತ್ರದ ಬಗ್ಗೆ ಬರುವ ಮಾತಿನ ಮೊನೆ ಸ್ವಲ್ಪ ಮೊಂಡಾಗಿರುತ್ತದೆ. ‘ಛಾಯಾಗ್ರಹಣ ಕಣ್ಣಿಗೆ ಹಬ್ಬ, ಸಂಗೀತಕ್ಕೆ ಇನ್ನಷ್ಟು ಗಮನ ಕೊಡಬಹುದಿತ್ತು, ದ್ವಿತೀಯಾರ್ಧ ಕೊಂಚ ಎಳೆದಂತಾಗಿದೆ’ ಎಂಬ ಸಾಲುಗಳನ್ನು ನೂರು ವಿಮರ್ಶೆಗಳಲ್ಲಿ ಓದಿದ್ದೇವೆ. ಯಾವ ಚಿತ್ರದ ಹೆಸರನ್ನು ಮೇಲೆ ಹಾಕಿದರೂ ಅವು ಸರಿಹೊಂದುತ್ತವೆ, ಯಾರಿಗೂ ನೋವಾಗುವುದಿಲ್ಲ. ಇದು ಬರೆದವನ ಅಸಾಮರ್ಥ್ಯವೆಂದು ತಿಳಿಯಬೇಕಾಗಿಲ್ಲ. ನಾಳೆ ಅದೇ ನಿರ್ದೇಶಕನ ಸಂದರ್ಶನ ಬೇಕಾಗಿರುವವನು ಬರೆಯುವ ಸುರಕ್ಷಿತ ಭಾಷೆ ಅದು.

ಊರಿನಲ್ಲೇ ಇದ್ದು ಹವ್ಯಾಸಿ ಬರಹ

ಮಲೆನಾಡಿನಲ್ಲಿ ತೋಟವೋ, ವಯಸ್ಸಾದ ತಂದೆ ತಾಯಿಯೋ, ಶಾಲೆಯ ಕೆಲಸವೋ ಇರುವವರಿಗೆ ಸಹಜವಾಗಿ ಒದಗುವುದು ಈ ದಾರಿ. ದಿನಪತ್ರಿಕೆಗಳ ಪುರವಣಿಗಳು, 1965ರಿಂದ ಬರುತ್ತಿರುವ ಸುಧಾ, 1983ರಲ್ಲಿ ಆರಂಭವಾದ ತರಂಗ, ದೀರ್ಘ ಬರಹಕ್ಕೆ ಜಾಗವಿರುವ ಮಯೂರ, ಕೆಲವು ಜಾಲಪತ್ರಿಕೆಗಳು, ಭದ್ರಾವತಿಯ ಆಕಾಶವಾಣಿ ಕೇಂದ್ರ ಇವು ಹೊರಗಿನವರ ಬರಹಕ್ಕೆ, ಮಾತಿಗೆ ಅವಕಾಶ ಕೊಡುವ ಕೆಲವು ತಾಣಗಳು.

ಹವ್ಯಾಸಿಗಳು ಮಾಡುವ ದೊಡ್ಡ ತಪ್ಪೆಂದರೆ ಡೆಸ್ಕಿನವರ ಕೆಲಸವನ್ನೇ ದೂರದಿಂದ ಮಾಡಲು ಹೊರಡುವುದು. ಬೆಂಗಳೂರಿನಲ್ಲಿ ಪ್ರೆಸ್ ಶೋ ಗುರುವಾರವೇ ಮುಗಿದಿರುವುದುಂಟು. ಶಿವಮೊಗ್ಗದಲ್ಲಿರುವವರು ಶುಕ್ರವಾರ ಬೆಳಗಿನ ಆಟ ನೋಡಿ ಸಂಜೆಯೊಳಗೆ ಬರೆದು ಕಳುಹಿಸಬಹುದಾದರೂ, ಹೊಸನಗರದವರೋ ಕೊಪ್ಪದವರೋ ಚಿತ್ರ ನೋಡಲೆಂದೇ ಬಸ್ಸು ಹತ್ತಬೇಕು. ಸಣ್ಣ ಚಿತ್ರವಾದರೆ ಅದು ಶಿವಮೊಗ್ಗಕ್ಕೆ ಬರುವ ಭರವಸೆಯೂ ಇಲ್ಲ. ಮೊದಲ ದಿನದ ವಿಮರ್ಶೆಯಲ್ಲಿ ವೇಗಕ್ಕೆ ಬೆಲೆ. ಆ ವೇಗ ನಮ್ಮಲ್ಲಿಲ್ಲ. ಆದ್ದರಿಂದ ಎರಡು ವಾರ ಕಾದರೂ ಹಳಸದ ಬರಹವನ್ನು ಆರಿಸಿಕೊಳ್ಳುವುದು ಜಾಣತನ.

ಅಂಥ ಬರಹಕ್ಕೆ ಬೇಕಾದ ಕಣ್ಣು ಇಲ್ಲಿಯವರಿಗೆ ಸಹಜವಾಗಿಯೇ ಇದೆ. ಮಲೆನಾಡನ್ನು ತೋರಿಸುವ ಚಿತ್ರವೊಂದನ್ನು ಊಹಿಸಿಕೊಳ್ಳಿ. ಧೋ ಎಂದು ಸುರಿಯುವ ಆಷಾಢದ ಮಳೆ, ಹಂಚಿನ ಮನೆ, ಮನೆಯ ಮುಂದಿನ ಅಂಗಳದಲ್ಲಿ ಒಣಗಲು ಹರವಿದ ಅಡಿಕೆ. ಬೆಂಗಳೂರಿನ ವಿಮರ್ಶಕನಿಗೆ ಅದು ಸುಂದರ ಚೌಕಟ್ಟು. ಸಾಗರದ ಪ್ರೇಕ್ಷಕನಿಗೆ ಅದು ನಗೆಪಾಟಲು, ಏಕೆಂದರೆ ಆಷಾಢದಲ್ಲಿ ನಡೆಯುವುದು ಕೊಳೆರೋಗಕ್ಕೆ ಮೈಲುತುತ್ತ ಸುಣ್ಣದ ಔಷಧಿ ಹೊಡೆಯುವ ಕೆಲಸ. ಕೊನೆಕೊಯ್ಲು, ಸುಲಿಯುವುದು, ಬೇಯಿಸಿ ಒಣಗಿಸುವುದು ಎಲ್ಲ ದೀಪಾವಳಿಯ ಆಸುಪಾಸಿನಲ್ಲಿ ಶುರುವಾಗುವಂಥವು. ಅದೇ ಚಿತ್ರದಲ್ಲಿ ತೀರ್ಥಹಳ್ಳಿಯ ಹೆಗ್ಗಡೆಯ ಬಾಯಲ್ಲಿ ಕುಂದಾಪುರದ ಮಾತು ಬಂದಿದ್ದರಂತೂ ಕೇಳುವುದೇ ಬೇಡ. ಆದರೆ ಇಂಥ ಹುಳುಕನ್ನು ಪಟ್ಟಿ ಮಾಡಿದ ಮಾತ್ರಕ್ಕೆ ವಿಮರ್ಶೆಯಾಗುವುದಿಲ್ಲ. ಮಳೆಯೂ ಅಡಿಕೆಯೂ ಒಂದೇ ಚೌಕಟ್ಟಿನಲ್ಲಿ ಬೇಕೆಂದು ನಿರ್ದೇಶಕನಿಗೆ ಅನ್ನಿಸಿದ್ದೇಕೆ, ದುಡಿಮೆಯ ಋತುಚಕ್ರವನ್ನು ಬಿಟ್ಟು ಪ್ರವಾಸಿ ಪೋಸ್ಟರನ್ನು ಹಿಡಿದುದರಿಂದ ಕಥೆಯಲ್ಲಿ ಆಳುಕಾಳುಗಳು, ಮರ ಹತ್ತಿ ಅಡಿಕೆ ಗೊನೆ ಕೊಯ್ಯುವ ಕೊನೆಗೌಡರು ಕಾಣೆಯಾದರೇ ಎಂದು ಮುಂದುವರಿದರೆ ಅದು ಸಂಪಾದಕರು ಪ್ರಕಟಿಸಲು ಬಯಸುವ ಲೇಖನವಾಗುತ್ತದೆ. ಆಗುಂಬೆಯ ದೊಡ್ಡಮನೆಯಲ್ಲಿ ಶಂಕರನಾಗ್ 1980ರ ದಶಕದಲ್ಲಿ ಧಾರಾವಾಹಿ ಚಿತ್ರೀಕರಿಸಿದಾಗಿನಿಂದ ಮಲೆನಾಡು ಕ್ಯಾಮೆರಾದ ಮುಂದೆ ಇದ್ದೇ ಇದೆ. ಆ ಮಲೆನಾಡು ಹೇಗೆ ಕಾಣಿಸಿಕೊಂಡಿದೆ ಎಂಬುದನ್ನು ಒಳಗಿನಿಂದ ನೋಡಿ ಬರೆದವರು ಬೆರಳೆಣಿಕೆಯಷ್ಟು.

ಇನ್ನೊಂದು ಖಾಲಿ ಜಾಗ ಟಿವಿ. 1994ರಲ್ಲಿ ಉದಯ ಟಿವಿ ಬಂದಮೇಲೆ ಕನ್ನಡದ ಸಂಜೆಗಳು ಧಾರಾವಾಹಿಗಳ ಪಾಲಾದವು, 2013ರಿಂದ ಬಿಗ್ ಬಾಸ್ ಕನ್ನಡದಲ್ಲಿ ನಡೆಯುತ್ತಿದೆ, ಅದನ್ನು ನಡೆಸಿಕೊಟ್ಟ ಸುದೀಪ್ ನಮ್ಮ ಶಿವಮೊಗ್ಗದವರೇ. ಟಿವಿ ವೀಕ್ಷಕರ ಲೆಕ್ಕ ಇಡುವ ಬಾರ್ಕ್ ಸಂಸ್ಥೆ ವಾರವಾರ ಕೊಡುವ ರೇಟಿಂಗ್ ಬಿಟ್ಟರೆ ಈ ಕಾರ್ಯಕ್ರಮಗಳ ಬಗ್ಗೆ ನಾವು ಓದುವುದು ಯಾರ ಮದುವೆ, ಯಾರು ಹೊರಬಿದ್ದರು ಎಂಬುದನ್ನಷ್ಟೇ. ಮನೆಮಂದಿಯೆಲ್ಲ ಕುಳಿತು ನೋಡುವ ಧಾರಾವಾಹಿಗೆ ಒಂದು ಗಂಭೀರ ವಿಮರ್ಶೆಯೂ ದಕ್ಕುವುದಿಲ್ಲ, ಹತ್ತು ಜನ ನೋಡಿದ ಚಿತ್ರಕ್ಕೆ ನಾಲ್ಕು ವಿಮರ್ಶೆಗಳು ಬರುತ್ತವೆ. ಯಾವ ಧಾರಾವಾಹಿ ಮರಾಠಿಯದೋ ತೆಲುಗಿನದೋ ರೀಮೇಕ್, ಮೂಲದ ಅತ್ತೆ ಸೊಸೆಯರು ಇಲ್ಲಿಗೆ ಬಂದಾಗ ಯಾವ ಜಾತಿ, ಯಾವ ಊರು, ಯಾವ ಅಡುಗೆಮನೆ ಪಡೆದುಕೊಂಡರು, ರೇಟಿಂಗ್ ಕುಸಿದ ವಾರ ಕಥೆ ಯಾವ ಕಡೆಗೆ ಹೊರಳಿತು ಎಂಬುದನ್ನು ಆರು ತಿಂಗಳು ನೋಡಿ ಬರೆಯುವ ತಾಳ್ಮೆಯಿರುವವರಿಗೆ ಸ್ಪರ್ಧಿಗಳೇ ಇಲ್ಲ. ಇದಕ್ಕೆ ಬೆಂಗಳೂರು ಬೇಕಿಲ್ಲ. ಡಿಶ್ ಸಂಪರ್ಕವೊಂದು, ನೋಟ್‌ಬುಕ್ಕೊಂದು ಸಾಕು. ಮಳೆಗಾಲದಲ್ಲಿ ಕರೆಂಟ್ ಹೋದ ದಿನಗಳ ಸಂಚಿಕೆಯನ್ನು ಮೊಬೈಲಿನಲ್ಲಿ ಹುಡುಕಿಕೊಳ್ಳಬೇಕಾಗುತ್ತದೆ, ಅಷ್ಟೆ.

ಹಣದ ವಿಷಯದಲ್ಲಿ ಮಾತ್ರ ಈ ದಾರಿ ನಿಷ್ಠುರವಾದದ್ದು. ಗೌರವಧನ ಸಣ್ಣದು, ತಡವಾಗಿ ಬರುತ್ತದೆ, ಕೆಲವೊಮ್ಮೆ ನೆನಪಿಸಬೇಕಾಗುತ್ತದೆ. ನನ್ನ ಲೇಖನವೊಂದಕ್ಕೆ ಗೌರವಧನ ಕೇಳಿದಾಗ, ಪ್ರಕಟವಾದದ್ದೇ ಗೌರವವೆಂದು ತಿಳಿಯಬೇಕು ಎಂಬರ್ಥದ ಉತ್ತರ ಬಂದದ್ದೂ ಇದೆ. ಹಾಗಾಗಿ ಮೊದಲ ಕೆಲವು ವರ್ಷ ಬೇರೊಂದು ಆದಾಯವಿಲ್ಲದೆ ಇದನ್ನು ಆರಿಸಿಕೊಳ್ಳಬೇಡಿ.

ಆದರೆ ನೌಕರಿಯಲ್ಲಿಲ್ಲದ ಒಂದು ಆಸ್ತಿ ಇಲ್ಲಿ ಇದೆ, ಅದು ಹಕ್ಕುಸ್ವಾಮ್ಯ. 1957ರ ಹಕ್ಕುಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ಬೇರೆ ಒಪ್ಪಂದವಿಲ್ಲದಿದ್ದರೆ, ಪತ್ರಿಕೆಯ ನೌಕರ ಕೆಲಸದ ಭಾಗವಾಗಿ ಬರೆದದ್ದನ್ನು ಪತ್ರಿಕೆಗಳಲ್ಲಿ ಪ್ರಕಟಿಸುವ ಹಕ್ಕು ಮಾಲೀಕರದು. ಉಳಿದ ಬಗೆಯ ಬಳಕೆಗಳಲ್ಲಿ ಮಾತ್ರ ಬರೆದವನೇ ಮೊದಲ ಹಕ್ಕುದಾರ. ಹವ್ಯಾಸಿ ಬರಹಗಾರನಿಗೆ ಈ ಕಟ್ಟು ಇಲ್ಲ, ಬರಹ ಪೂರ್ತಿಯಾಗಿ ಅವನದೇ. ಹಕ್ಕನ್ನು ಬೇರೆಯವರಿಗೆ ವಹಿಸಿಕೊಡಬೇಕಾದರೆ 19ನೇ ಸೆಕ್ಷನ್ ಪ್ರಕಾರ ಅದು ಬರಹದಲ್ಲಿ, ಸಹಿಯೊಂದಿಗೆ ಇರಬೇಕು. ಅವಧಿಯನ್ನು ನಮೂದಿಸದಿದ್ದರೆ 5 ವರ್ಷ, ಪ್ರದೇಶವನ್ನು ನಮೂದಿಸದಿದ್ದರೆ ಭಾರತಕ್ಕೆ ಮಾತ್ರ ಎಂದು ಕಾನೂನು ಭಾವಿಸುತ್ತದೆ. ಆದ್ದರಿಂದ ಯಾವುದಾದರೂ ಸಂಸ್ಥೆ ‘ಎಲ್ಲ ಹಕ್ಕುಗಳೂ ಶಾಶ್ವತವಾಗಿ ನಮ್ಮವು’ ಎಂಬ ಪತ್ರವನ್ನು ಕಳುಹಿಸಿದರೆ ಓದದೆ ಸಹಿ ಹಾಕಬಾರದು. ಹತ್ತು ವರ್ಷದ ಲೇಖನಗಳು ಮುಂದೆ ಪುಸ್ತಕವಾಗುವಾಗ ಆ ಒಂದು ಸಹಿ ಅಡ್ಡ ಬರುತ್ತದೆ.

ಯೂಟ್ಯೂಬ್ ಚಾನೆಲ್

ಇಂದಿನ ಇಪ್ಪತ್ತರ ಹರೆಯದವರಿಗೆ ವಿಮರ್ಶೆಯೆಂದರೆ ಇದೇ. ಜಾಹೀರಾತಿನ ಆದಾಯಕ್ಕೆ ಅರ್ಹರಾಗಲು 1,000 ಚಂದಾದಾರರು ಮತ್ತು ಹಿಂದಿನ 12 ತಿಂಗಳಲ್ಲಿ 4,000 ಗಂಟೆಗಳ ವೀಕ್ಷಣೆ ಇರಬೇಕು, ಅಥವಾ 90 ದಿನಗಳಲ್ಲಿ ಶಾರ್ಟ್ಸ್‌ಗೆ ಒಂದು ಕೋಟಿ ವೀಕ್ಷಣೆ ಬಂದಿರಬೇಕು. ಈ ಗಡಿ ದಾಟುವುದು ಅಸಾಧ್ಯವೇನಲ್ಲ, ದಾಟಿದ ಕೂಡಲೇ ಮನೆ ನಡೆಸುವಷ್ಟು ಹಣ ಬರುವುದೂ ಇಲ್ಲ. ಜಾಹೀರಾತಿನ ಪಾಲು ವೀಕ್ಷಕರ ಸಂಖ್ಯೆಯನ್ನೇ ನೆಚ್ಚಿರುವುದರಿಂದ, ಕನ್ನಡದಷ್ಟು ಸಣ್ಣ ಮಾರುಕಟ್ಟೆಯಲ್ಲಿ ನಿಧಾನವಾದ ವಿಶ್ಲೇಷಣೆಗಿಂತ ‘ಟ್ರೈಲರ್ ರಿಯಾಕ್ಷನ್’ಗೆ, ಇಬ್ಬರು ನಟರ ಅಭಿಮಾನಿಗಳನ್ನು ಜಗಳಕ್ಕೆ ಹಚ್ಚುವ ತಲೆಬರಹಕ್ಕೆ ಸೆಳೆತ ಹೆಚ್ಚು. ಕ್ರಮೇಣ ಚಾನೆಲ್ ತನ್ನ ಒಡೆಯನನ್ನೇ ಆ ಕಡೆ ಎಳೆಯುತ್ತದೆ.

ತಾಂತ್ರಿಕವಾಗಿ ಎರಡು ಅಪಾಯಗಳನ್ನು ತಿಳಿದಿರಬೇಕು. ವಿಮರ್ಶೆಗಾಗಿ ಕೃತಿಯ ಭಾಗವನ್ನು ನ್ಯಾಯೋಚಿತವಾಗಿ ಬಳಸಲು ಹಕ್ಕುಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್ ಅವಕಾಶ ಕೊಡುತ್ತದೆಯಾದರೂ, ಯೂಟ್ಯೂಬಿನ ಯಂತ್ರ ಮೊದಲು ಗುರುತಿಸುವುದು ಹಾಡನ್ನು, ದೃಶ್ಯವನ್ನು; ನಿಮ್ಮ ವಾದವನ್ನಲ್ಲ. 90 ದಿನಗಳೊಳಗೆ ಹಕ್ಕುಸ್ವಾಮ್ಯ ಉಲ್ಲಂಘನೆಗೆ ಯೂಟ್ಯೂಬ್ ಕೊಡುವ ಎಚ್ಚರಿಕೆ, ಅಂದರೆ ಕಾಪಿರೈಟ್ ಸ್ಟ್ರೈಕ್, ಮೂರು ಸಲ ಬಂದರೆ ಚಾನೆಲ್ಲೇ ಹೋಗಬಹುದು. ಆದ್ದರಿಂದ ದೃಶ್ಯದ ತುಣುಕುಗಳಿಗಿಂತ ಸ್ಥಿರಚಿತ್ರ ಮತ್ತು ಮಾತನ್ನು ನೆಚ್ಚುವುದು ಕ್ಷೇಮ. ಇನ್ನೊಂದು, ಹಣ ಪಡೆದು ಹೇಳಿದ ಒಳ್ಳೆಯ ಮಾತು. ಜಾಹೀರಾತು ಮಾನದಂಡ ಮಂಡಳಿಯು 2021ರಲ್ಲಿ ಹೊರಡಿಸಿದ ಮಾರ್ಗಸೂಚಿಯಂತೆ ಹಣ ಪಡೆದ ಪ್ರಚಾರವನ್ನು ಪ್ರಚಾರವೆಂದೇ ಗುರುತಿಸಿ ತೋರಿಸಬೇಕು. ಚಿತ್ರತಂಡದ ಹಣ ತೆಗೆದುಕೊಂಡು ಅದನ್ನು ಪ್ರಾಮಾಣಿಕ ವಿಮರ್ಶೆ ಎಂದು ತೋರಿಸುವವರ ಮಾತನ್ನು ಪ್ರೇಕ್ಷಕರು ಬಹಳ ದಿನ ನಂಬುವುದಿಲ್ಲ. ಮೊದಲ ದಿನದ ಟಿಕೆಟ್ ದುಡ್ಡು ಕಳೆದುಕೊಂಡವನಿಗೆ ಆ ಮುಖ ಚೆನ್ನಾಗಿ ನೆನಪಿರುತ್ತದೆ.

ಹೀಗಿದ್ದರೂ ಮಾತಿನಲ್ಲಿ ಸತ್ವವಿರುವ, ಬರವಣಿಗೆಗಿಂತ ಹರಟೆ ಚೆನ್ನಾಗಿ ಒಲಿದಿರುವ ಮಂದಿಗೆ ನಾನು ಇದನ್ನು ಬೇಡವೆನ್ನಲಾರೆ. ಸಂಪಾದಕನ ಒಪ್ಪಿಗೆಗೆ ಕಾಯದೆ ಓದುಗ ಅಥವಾ ಕೇಳುಗ ವರ್ಗವನ್ನು ಕಟ್ಟಿಕೊಳ್ಳಲು ಸಾಧ್ಯವಿರುವುದು ಇದೊಂದರಲ್ಲೇ.

ಉದ್ಯಮದ ಒಳಗಿನ ಬರಹ

ಪಿಆರ್‌ಓ ಕೆಲಸ, ವಾಹಿನಿಗಳ ಪ್ರೋಮೊ ಬರಹ, ಸಬ್‌ಟೈಟಲ್, ಡಬ್ಬಿಂಗ್ ಸಂಭಾಷಣೆ ಇವು ಈ ಗುಂಪಿಗೆ ಸೇರುತ್ತವೆ. ಕನ್ನಡದಲ್ಲಿದ್ದ ಡಬ್ಬಿಂಗ್ ತಡೆಯನ್ನು ಭಾರತೀಯ ಸ್ಪರ್ಧಾ ಆಯೋಗವು 2015ರಲ್ಲಿ ಸ್ಪರ್ಧೆಗೆ ವಿರುದ್ಧವಾದದ್ದೆಂದು ಹೇಳಿದ ನಂತರ, ಅದರ ಮೇಲೆ ಒಟಿಟಿಗಳೂ ಬಂದಮೇಲೆ, ತುಟಿಯ ಚಲನೆಗೆ ಹೊಂದುವಂತೆ ಕನ್ನಡ ಮಾತು ಬರೆಯಬಲ್ಲವರಿಗೆ ಬೇಡಿಕೆ ಹುಟ್ಟಿಕೊಂಡಿದೆ. ನಾಟಕದ ಅನುಭವವಿರುವ ನಮ್ಮ ಕಡೆಯ ಹುಡುಗ ಹುಡುಗಿಯರಿಗೆ ಈ ಕೆಲಸ ಬೇಗ ಒಗ್ಗುತ್ತದೆ. ಸಬ್‌ಟೈಟಲ್ ಮತ್ತು ಸಂಭಾಷಣೆಯನ್ನು ಊರಿನಿಂದಲೇ ಮಾಡಿಕೊಡಲೂ ಸಾಧ್ಯ. ಪಿಆರ್‌ಓ ಕೆಲಸಕ್ಕೆ ಮಾತ್ರ ಚಿತ್ರೋದ್ಯಮದ ನೆಲೆಯಾದ ಬೆಂಗಳೂರಿನ ಗಾಂಧಿನಗರದ ಓಡಾಟ ತಪ್ಪದು. ಗೌರವಯುತ ಉದ್ಯೋಗಗಳೇ ಇವು. ನನ್ನ ತಕರಾರು ಒಂದೇ: ಸೋಮವಾರ ಚಿತ್ರತಂಡಕ್ಕೆ ಪ್ರಚಾರದ ಟಿಪ್ಪಣಿ ಬರೆದು ಶುಕ್ರವಾರ ಅದೇ ಕೈಯಲ್ಲಿ ವಿಮರ್ಶೆ ಬರೆಯಬಾರದು. ಎರಡರಲ್ಲಿ ಒಂದನ್ನು ಆರಿಸಿಕೊಂಡರೆ ಎರಡೂ ಕಡೆಯವರಿಗೆ ನಿಮ್ಮ ಮೇಲೆ ವಿಶ್ವಾಸ ಉಳಿಯುತ್ತದೆ.

ಅಧ್ಯಾಪನದ ಜೊತೆಗೆ ವಿಮರ್ಶೆ

ಕನ್ನಡದ ಹೆಸರಾಂತ ಚಿತ್ರ ವಿಮರ್ಶಕರಲ್ಲಿ ಕಾಲೇಜು ಮೇಷ್ಟ್ರುಗಳ ಸಂಖ್ಯೆ ದೊಡ್ಡದಿದೆ. 2010ನೇ ಸಾಲಿನ ಅತ್ಯುತ್ತಮ ಚಿತ್ರ ವಿಮರ್ಶಕ ರಾಷ್ಟ್ರ ಪ್ರಶಸ್ತಿಯನ್ನು ಜಂಟಿಯಾಗಿ ಪಡೆದ ಎನ್. ಮನು ಚಕ್ರವರ್ತಿಯವರೂ ಅಧ್ಯಾಪಕರೇ. ಸಂಬಳ ಬೇರೆಡೆಯಿಂದ ಬರುವುದರಿಂದ ಯಾವ ನಿರ್ಮಾಪಕನ ಹಂಗೂ ಇರುವುದಿಲ್ಲ, ಒಂದು ಚಿತ್ರವನ್ನು ಮೂರು ಸಲ ನೋಡುವಷ್ಟು ವ್ಯವಧಾನವೂ ಸಿಗುತ್ತದೆ. ಶಂಕರಘಟ್ಟದಲ್ಲಿ 1987ರಲ್ಲಿ ಸ್ಥಾಪನೆಯಾದ ಕುವೆಂಪು ವಿಶ್ವವಿದ್ಯಾಲಯದಲ್ಲಿ ಪತ್ರಿಕೋದ್ಯಮ ಮತ್ತು ಸಮೂಹ ಸಂವಹನದ ಸ್ನಾತಕೋತ್ತರ ವಿಭಾಗವಿದೆ. ಆ ಪದವಿಯ ಮೇಲೆ, ಅಧ್ಯಾಪಕರ ಅರ್ಹತೆಗಾಗಿ ನಡೆಯುವ ರಾಷ್ಟ್ರಮಟ್ಟದ ನೆಟ್ ಪರೀಕ್ಷೆಯಲ್ಲಿ ಸಂಶೋಧನಾ ಶಿಷ್ಯವೃತ್ತಿಯಾದ ಜೆಆರ್‌ಎಫ್ ದೊರೆತರೆ, 2023ರಿಂದ ಜಾರಿಗೆ ಬಂದ ದರದಂತೆ ಮೊದಲ ಎರಡು ವರ್ಷ ತಿಂಗಳಿಗೆ ₹37,000 ಶಿಷ್ಯವೇತನದಲ್ಲಿ ಸಿನಿಮಾ ಕುರಿತೇ ಸಂಶೋಧನೆ ಮಾಡಬಹುದು. ಹೊಸ ಡೆಸ್ಕ್ ಉದ್ಯೋಗಿಗೆ ಇಂಥ ಭದ್ರತೆಯೂ ಬಿಡುವೂ ಒಟ್ಟಿಗೆ ಸಿಗುವುದು ಕಷ್ಟ. ಅಪಾಯವಿರುವುದು ಅದರ ನಂತರದ ಹಂತದಲ್ಲಿ: ಕಾಯಂ ಹುದ್ದೆಗಳು ವಿರಳ, ಅತಿಥಿ ಉಪನ್ಯಾಸಕರ ಪಾಡು ಎಲ್ಲರಿಗೂ ತಿಳಿದದ್ದೇ.

ಪದವಿಯ ಹೊರಗಿನ ಕಲಿಕೆಗೆ ಮಲೆನಾಡಿನಲ್ಲಿರುವಷ್ಟು ಗಟ್ಟಿಯಾದ ನೆಲೆ ರಾಜ್ಯದ ಬೇರೆ ಗ್ರಾಮೀಣ ಭಾಗಗಳಲ್ಲಿ ಕಾಣುವುದಿಲ್ಲ. ಸಾಗರದ ಬಳಿಯ ಹೆಗ್ಗೋಡಿನಲ್ಲಿ 1949ರಲ್ಲಿ ಹುಟ್ಟಿದ ರಂಗಸಂಸ್ಥೆ ನೀನಾಸಮ್, 1973ರಲ್ಲಿ ಚಿತ್ರಸಮಾಜವನ್ನು ಆರಂಭಿಸಿ ಜಗತ್ತಿನ ಶ್ರೇಷ್ಠ ಚಿತ್ರಗಳನ್ನು ಅಡಿಕೆ ಬೆಳೆಗಾರರಿಗೂ ಕೂಲಿಕಾರರಿಗೂ ತೋರಿಸಿತು, ಚಿತ್ರ ರಸಗ್ರಹಣ ಶಿಬಿರಗಳನ್ನು ನಡೆಸಿತು. ಅದನ್ನು ಕಟ್ಟಿ ಬೆಳೆಸಿದ ಕೆ.ವಿ. ಸುಬ್ಬಣ್ಣನವರಿಗೆ 1991ರಲ್ಲಿ ಬಂದ ಮ್ಯಾಗ್ಸೆಸೆ ಪ್ರಶಸ್ತಿಯ ಹಿಂದೆ ಈ ಕೆಲಸವೂ ಇತ್ತು. ಅಲ್ಲಿನ ಸಂಸ್ಕೃತಿ ಶಿಬಿರದಲ್ಲಿ ಭಾಗವಹಿಸಿದವರು ಸಿನಿಮಾವನ್ನು ನಾಟಕ, ಸಾಹಿತ್ಯ, ರಾಜಕೀಯಗಳ ಪಕ್ಕದಲ್ಲಿಟ್ಟು ನೋಡುವುದನ್ನು ಕಲಿಯುತ್ತಾರೆ. ಪುಣೆಯ ಚಲನಚಿತ್ರ ಸಂಸ್ಥೆ ನಡೆಸುವ ರಸಗ್ರಹಣ ಕೋರ್ಸುಗಳೂ ಉಪಯುಕ್ತ. ಆದರೆ ಮೊದಲು ಹೆಗ್ಗೋಡು, ಆಮೇಲೆ ಪುಣೆ ಎಂಬುದು ನನ್ನ ಸಲಹೆ.

ಯಾರಿಗೆ ಯಾವುದು

ಇಪ್ಪತ್ತೆರಡು ಇಪ್ಪತ್ತಮೂರರ ವಯಸ್ಸಿನಲ್ಲಿದ್ದು ಮನೆಯ ಹೊಣೆ ಹೆಚ್ಚಿಲ್ಲದವರು ಎರಡು ಮೂರು ವರ್ಷವಾದರೂ ಡೆಸ್ಕಿನಲ್ಲಿ ದುಡಿಯುವುದು ಒಳ್ಳೆಯದು. ಅಲ್ಲಿಯೇ ನಿವೃತ್ತರಾಗಬೇಕೆಂದೇನೂ ಇಲ್ಲ. ಅಲ್ಲಿ ಕಲಿತ ಶಿಸ್ತು ಮತ್ತು ಸಂಪಾದಿಸಿದ ಪರಿಚಯ ಊರಿಗೆ ಮರಳಿ ಹವ್ಯಾಸಿಯಾದಾಗ ಬಂಡವಾಳವಾಗುತ್ತವೆ. ಓದಿನಲ್ಲಿ ಆಸಕ್ತಿಯಿರುವವರು ಪತ್ರಿಕೋದ್ಯಮ ಎಂ.ಎ. ಮತ್ತು ನೆಟ್ ಕಡೆಗೆ ಹೋಗಲಿ, ಎರಡನೆಯ ಸೆಮಿಸ್ಟರಿನಿಂದಲೇ ಪತ್ರಿಕೆಗಳಿಗೆ ಬರೆಯಲಿ. ತೋಟ ಬಿಟ್ಟು ಹೋಗಲಾಗದವರಿಗೆ ಹವ್ಯಾಸಿ ಬರಹವೇ ಸರಿ, ಅದರಲ್ಲೂ ಧಾರಾವಾಹಿ ವಿಮರ್ಶೆ. ಯೂಟ್ಯೂಬನ್ನು ನಾನು ಇವುಗಳ ಪಕ್ಕದಲ್ಲಿಡುತ್ತೇನೆಯೇ ಹೊರತು ಇವುಗಳ ಜಾಗದಲ್ಲಿ ಇಡಲಾರೆ. ಉದ್ಯಮದ ಕೆಲಸ ಮಾತ್ರ ಪ್ರತ್ಯೇಕ ಆಯ್ಕೆ.

ಹವ್ಯಾಸಿಯಾಗಿ ಆರಂಭಿಸುವವರಿಗೆ ಕೆಲವು ವ್ಯಾವಹಾರಿಕ ಮಾತುಗಳು. ಸಂಪಾದಕರಿಗೆ ಮೊದಲ ಸಲ ಬರೆಯುವಾಗ ‘ನನಗೆ ಸಿನಿಮಾ ಎಂದರೆ ಪ್ರಾಣ’ ಎಂಬ ಪರಿಚಯಪತ್ರ ಬೇಡ. ಏಳೆಂಟು ನೂರು ಪದಗಳ ಒಂದು ಪೂರ್ಣ ಲೇಖನವನ್ನು ಯೂನಿಕೋಡಿನಲ್ಲಿ ಕಳುಹಿಸಿ, ಅವರ ಕಚೇರಿಯಲ್ಲಿ ಕನ್ನಡ ಟೈಪಿಂಗಿನ ನುಡಿ ತಂತ್ರಾಂಶ ಬಳಸುತ್ತಿದ್ದರೆ ಅವರು ಪರಿವರ್ತಿಸಿಕೊಳ್ಳುತ್ತಾರೆ. ಒಂದೇ ಲೇಖನವನ್ನು ಎರಡು ಪತ್ರಿಕೆಗಳಿಗೆ ಏಕಕಾಲಕ್ಕೆ ಕಳುಹಿಸಬೇಡಿ. ಮೂರು ವಾರ ಉತ್ತರ ಬಾರದಿದ್ದರೆ ಹಿಂತೆಗೆದುಕೊಳ್ಳುತ್ತಿರುವುದಾಗಿ ತಿಳಿಸಿ ಮುಂದಿನವರಿಗೆ ಕಳುಹಿಸಿ. ಪ್ರಕಟವಾದದ್ದರ ಪುಟವನ್ನು ದಿನಾಂಕದೊಂದಿಗೆ ಉಳಿಸಿಟ್ಟುಕೊಳ್ಳಿ, ಏಕೆಂದರೆ ಪ್ರಶಸ್ತಿಗೆ ಅರ್ಜಿ ಹಾಕುವಾಗ, ಪುಸ್ತಕ ಮಾಡುವಾಗ ಬೇಕಾಗುವುದು ಅದೇ, ಮತ್ತು ಜಾಲತಾಣದ ಕೊಂಡಿಗಳು ಕೆಲವು ವರ್ಷಗಳಲ್ಲಿ ಕೆಲಸ ಮಾಡುವುದನ್ನು ನಿಲ್ಲಿಸುತ್ತವೆ. ಗೌರವಧನದಲ್ಲಿ ಸಂಸ್ಥೆ ಶೇ 10ರಷ್ಟನ್ನು ಮೂಲದಲ್ಲೇ ತೆರಿಗೆಯಾಗಿ (ಟಿಡಿಎಸ್) ಹಿಡಿದುಕೊಂಡಿದ್ದರೆ, ಒಟ್ಟು ಆದಾಯ ತೆರಿಗೆಯ ಮಿತಿಗಿಂತ ಕೆಳಗಿದ್ದರೂ ರಿಟರ್ನ್ ಸಲ್ಲಿಸಿ. ಹಿಡಿದ ಹಣ ವಾಪಸು ಬರುತ್ತದೆ.